ಕುಣಿಗಲ್ ಮದುವೆಗೆ ಹೊರಟ ಜರ್ಮನ್ ಕಾರು

ದೀಪ ಉರಿಯುತ್ತಿದ್ದರೆ ಎಲ್ಲವೂ ಸರಿಯಾಗಿದೆ ಎಂದು ನಂಬಿ ಬದುಕಿದವನು ನಾನು. ತುಮಕೂರಿನ ಬಟವಾಡಿಯ ಹತ್ತಿರ ನನ್ನದು ಬೋರ್‌ವೆಲ್ ಮೋಟರು, ಸ್ಟಾರ್ಟರು, ಕೇಬಲ್ಲು ಮಾರುವ ಅಂಗಡಿ. ರೈತರು ಪ್ಯಾನಲ್ ಬೋರ್ಡು ನೋಡಲು ಬಂದರೆ ನಾನು ಮೊದಲು ತೋರಿಸುವುದು ಅದರ ನೆತ್ತಿಯ ಮೇಲಿನ ಕೆಂಪು, ಹಳದಿ, ನೀಲಿ ದೀಪಗಳನ್ನು. ಎಲ್ಲವೂ ಉರಿದರೆ ತ್ರೀ ಫೇಸ್ ಕರೆಂಟು ಬಂದಿದೆ, ಓಡಿಹೋಗಿ ಮೋಟರ್ ಹಾಕಿ ಎಂದರ್ಥ. ಆರಿದರೆ ಮಾತ್ರ ಯೋಚನೆ. ಈ ತಿಳಿವಳಿಕೆಯನ್ನೇ ಬಂಡವಾಳ ಮಾಡಿಕೊಂಡು ನಾನೊಂದು ಹಳೆಯ ಜರ್ಮನ್ ಕಾರು ಕೊಂಡೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ವ್ಯಾಪಾರ ಚೆನ್ನಾಗಿತ್ತು. ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಕಾರಿನ ಬ್ರೋಕರ್ ಒಬ್ಬ ಆ ಕಾರನ್ನು ತೋರಿಸಿದಾಗ ನಾನು ಎಂಜಿನ್ ನೋಡಲಿಲ್ಲ, ಟೈರು ನೋಡಲಿಲ್ಲ. ಬಾಗಿಲು ಹಾಕಿ ನೋಡಿದೆ. ನಮ್ಮೂರಿನ ಕಾರುಗಳ ಹಾಗೆ ಅದು ತಗಡಿನ ಸದ್ದು ಮಾಡಲಿಲ್ಲ. ಕಬ್ಬಿಣದ ಬೀರು ಮುಚ್ಚಿದಂತೆ ಗಂಭೀರವಾಗಿ ‘ಧುಪ್’ ಎಂದಿತು. ಅಷ್ಟಕ್ಕೇ ವ್ಯಾಪಾರ ಮುಗಿಯಿತು. ಕಪ್ಪು ಬಣ್ಣ, ಚರ್ಮದ ಸೀಟು, ಮಾರುದ್ದದ ಬಾನೆಟ್ಟು. ಕಾರಿನ ಬಗ್ಗೆ ವಿವರವಿರುವ ಪುಸ್ತಕ ಮನೆಯಲ್ಲೆಲ್ಲೋ ಇದೆ, ಹುಡುಕಿ ಕಳಿಸುತ್ತೇನೆ ಎಂದು ಬ್ರೋಕರ್ ಹೇಳಿದ. ಪಾಪ, ಇನ್ನೂ ಹುಡುಕುತ್ತಿರಬೇಕು.

ಕಾರು ಕೊಂಡದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ನನ್ನ ಹೆಂಡತಿ ವಿಶಾಲಾಕ್ಷಿಯ ಅಣ್ಣ ಚಂದ್ರಣ್ಣ ಕುಣಿಗಲ್ಲಿನವರು, ರೆವಿನ್ಯೂ ಇಲಾಖೆಯಲ್ಲಿದ್ದು ನಿವೃತ್ತರಾದವರು. ತುಂಬ ಮರ್ಯಾದಸ್ಥರು. ಆದರೆ ನಮ್ಮ ಮದುವೆಯಾದಂದಿನಿಂದ ಅವರು ನನ್ನನ್ನು ಯಾರಿಗೆ ಪರಿಚಯ ಮಾಡಿಕೊಟ್ಟರೂ “ನಮ್ಮ ತಂಗಿ ಯಜಮಾನ್ರು, ಮೋಟರ್ ರಿಪೇರಿ ಮಾಡ್ತಾರೆ” ಎನ್ನುತ್ತಿದ್ದರು. ನಾನು ರಿಪೇರಿ ಮಾಡುವವನಲ್ಲ, ಮಾರುವವನು ಎಂದು ಎಷ್ಟು ಸಲ ಹೇಳಿದರೂ ಅವರು “ಎಲ್ಲಾ ಒಂದೇ ಅಲ್ವಾ” ಎಂದು ನಗುತ್ತಿದ್ದರು. ಇಂಥ ಚಂದ್ರಣ್ಣನ ಮನೆ ಮುಂದೆ ಆ ಬಾಗಿಲನ್ನು ಒಂದು ಸಲ ‘ಧುಪ್’ ಎನ್ನಿಸಬೇಕೆಂಬ ಆಸೆ ನನಗಿತ್ತು.

ಆಸೆ ಬೇಗನೆ ಕೈಗೂಡುವಂತಾಯಿತು. ಚಂದ್ರಣ್ಣನ ಮಗಳು ಶ್ವೇತಾಳ ಮದುವೆ ಗೊತ್ತಾಯಿತು. ಗಂಡು ಗುಬ್ಬಿಯವನು, ಮಹೇಶ ಅಂತ, ಹಿರೇಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಶ್ವೇತಾ ನಮ್ಮ ಮನೆಯಲ್ಲಿದ್ದುಕೊಂಡೇ ತುಮಕೂರಿನಲ್ಲಿ ಕಾಲೇಜು ಓದಿದ ಹುಡುಗಿ. ಮಕ್ಕಳಿಲ್ಲದ ನಮಗೆ ಮಗಳಿದ್ದ ಹಾಗೆ. ಅವಳೇ ಫೋನ್ ಮಾಡಿ, ರಿಸೆಪ್ಷನ್ನಿಗೆ ಗಂಡನ್ನು ಮಾಮನ ಕಾರಿನಲ್ಲೇ ಕರೆತರಬೇಕೆಂದು ಅಪ್ಪನ ಹತ್ತಿರ ಹಟ ಹಿಡಿದಿದ್ದೇನೆ ಎಂದಳು. ಚಂದ್ರಣ್ಣ ಸ್ವಲ್ಪ ಹಿಂದೆಮುಂದೆ ನೋಡಿದರಂತೆ. ಕೊನೆಗೆ ಒಪ್ಪಿ ನನಗೆ ಹೇಳಿದ್ದು ಇಷ್ಟೇ: “ದೀಪ ಹಚ್ಚೋ ಹೊತ್ತಿಗೆ ಗಂಡು ಛತ್ರದ ಬಾಗಿಲಲ್ಲಿ ಇರ್ಬೇಕು. ವಾಲಗದೋರಿಗೆ ಹೇಳಿಬಿಟ್ಟಿದೀನಿ.”

ಮದುವೆಗೆ ಇನ್ನೂ ಎರಡು ವಾರವಿದ್ದಾಗ ಒಂದು ಬೆಳಿಗ್ಗೆ, ಸ್ಟೇರಿಂಗಿನ ಹಿಂದೆ ಒಂದು ಪುಟ್ಟ ಹಳದಿ ದೀಪ ಹತ್ತಿಕೊಂಡಿತು. ನೋಡಿದರೆ ಅದು ಸಾಕ್ಷಾತ್ ನಮ್ಮ ಅಂಗಡಿಯ ಮೊನೊಬ್ಲಾಕ್ ನೀರಿನ ಪಂಪಿನ ಚಿತ್ರ. ಜರ್ಮನಿಯವರು ನನ್ನ ಕಸುಬಿಗೆ ಕೊಟ್ಟ ಗೌರವ ಕಂಡು ಸಂತೋಷವಾಯಿತು. ಹಳದಿ ಫೇಸ್ ಬಂದಿದೆ, ಏನೂ ತೊಂದರೆಯಿಲ್ಲ ಎಂದು ವಿಶಾಲುವಿಗೆ ವಿವರಿಸಿದೆ. ಅವಳು ಬಗ್ಗಿ ನೋಡಿ, ಮಿಕ್ಕ ಎರಡು ಫೇಸ್ ಎಲ್ಲಿ ಎಂದು ಕೇಳಿದಳು.

ಪಕ್ಕದ ಮನೆಯ ಲಕ್ಷ್ಮೀಪತಿ ಮೇಷ್ಟ್ರು ಕಾಂಪೌಂಡಿನ ಮೇಲಿಂದ ಈ ಮಾತು ಕೇಳಿಸಿಕೊಂಡರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಬಂದು ನೋಡಿ, ಕಾರಿನಲ್ಲಿ ಹಳದಿ ದೀಪ ಹತ್ತುವುದು ಒಳ್ಳೆಯದಲ್ಲ, ಇದನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಬೇಕು ಎಂದು ಹೇಳಿ ಪೆನ್ಸಿಲ್ ತಂದು ಆ ದೀಪದ ಚಿತ್ರ ಬರೆದರು. ಬರೀ ಗೆರೆಯಲ್ಲಿ ಮುಗಿಸಲಿಲ್ಲ. ನೆರಳು ಕೊಟ್ಟರು, ಹೊಳಪು ಕೊಟ್ಟರು. ಚಿತ್ರವನ್ನು ಸೈಬರ್ ಅಂಗಡಿಗೆ ಹಿಡಿದುಕೊಂಡು ಹೋದೆವು. ಅಲ್ಲಿದ್ದ ಹೆಂಗಸು ಬಹಳ ಹೊತ್ತು ನೋಡಿ, ಟೀ ಕೆಟಲ್ ಬೇಕಾದರೆ ಪಾತ್ರೆ ಅಂಗಡಿ ಎದುರಿಗೇ ಇದೆ ಎಂದರು. ಮೇಷ್ಟ್ರು ಬೇಸರ ಮಾಡಿಕೊಂಡು ಚಿತ್ರವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

ಇಷ್ಟಕ್ಕೆ ನಾನು ಸುಮ್ಮನಿದ್ದಿದ್ದರೆ ಈ ಕತೆ ಇಲ್ಲಿಗೇ ನಿಲ್ಲುತ್ತಿತ್ತು. ಆದರೆ ಕರೆಂಟಿಗೆ ಸಂಬಂಧಪಟ್ಟ ವಸ್ತು ಕಂಡರೆ ನನಗೆ ಕೈ ಸುಮ್ಮನಿರುವುದಿಲ್ಲ. ನಮ್ಮ ಕಸುಬಿನಲ್ಲಿ ಸ್ಟಾರ್ಟರು ಹಟ ಮಾಡಿದರೆ ಮೇನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡುತ್ತೇವೆ. ಅದೇ ಪ್ರಕಾರ ಕಾರಿನ ಬ್ಯಾಟರಿ ವೈರು ಬಿಚ್ಚಿದೆ. ಕಾಫಿ ಕುಡಿದೆ. ಮತ್ತೆ ಹಾಕಿದೆ. ಹಳದಿ ಪಂಪು ಮಾಯ! ಅಷ್ಟೇ ಅಲ್ಲ, ರೇಡಿಯೋದ ಕಿಟಕಿಯಲ್ಲಿ ಇಂಗ್ಲಿಷಿನಲ್ಲಿ ‘ಸೇಫ್’ ಎಂಬ ಅಕ್ಷರಗಳು ಮೂಡಿದವು. ನಾನು ವಿಶಾಲುವನ್ನೂ ಮೇಷ್ಟ್ರನ್ನೂ ಕರೆದು ತೋರಿಸಿದೆ. ಕಾರೇ ಬಾಯಿಬಿಟ್ಟು ತಾನು ಕ್ಷೇಮವೆಂದು ಹೇಳುತ್ತಿರುವಾಗ ಇನ್ನು ಯಾರ ಸರ್ಟಿಫಿಕೇಟು ಬೇಕು? ಆ ವಾರವೆಲ್ಲ ಅಂಗಡಿಗೆ ಬಂದವರನ್ನೂ ಕಾರಿನ ಹತ್ತಿರ ಕರೆದುಕೊಂಡು ಹೋಗಿ ಅದನ್ನು ಓದಿಸಿದೆ. ಬ್ಯಾಟರಿ ಬಿಚ್ಚಿದ್ದರಿಂದ ಕಳ್ಳರು ಬಂದಿದ್ದಾರೆಂದು ತಿಳಿದು ರೇಡಿಯೋ ಬೀಗ ಹಾಕಿಕೊಂಡಿದೆ ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ವಾರ ಕಳೆಯುವುದರೊಳಗೆ ಹಳದಿ ಪಂಪು ಮತ್ತೆ ಹತ್ತಿತು. ಈ ಸಲ ಮೂಲಕ್ಕೇ ಕೈ ಹಾಕೋಣವೆಂದು ಟೆಸ್ಟರ್ ಹಿಡಿದು ಡ್ರೈವರ್ ಸೀಟಿನ ಕೆಳಗೆ ಮಲಗಿದೆ. ಅಲ್ಲೊಂದು ಹಳದಿ ಪ್ಲಗ್ಗು ಸಿಕ್ಕಿತು. ಹಳದಿ ದೀಪಕ್ಕೆ ಹಳದಿ ಪ್ಲಗ್ಗು ಎಂದು ನಿರ್ಧರಿಸಿ ಕಿತ್ತೆ. ಪಂಪು ಆರಲಿಲ್ಲ, ಅದರ ಪಕ್ಕದಲ್ಲಿ ಕೆಂಪಗೆ ಇನ್ನೊಂದು ಚಿತ್ರ ಹತ್ತಿತು. ಒಬ್ಬ ಮನುಷ್ಯ ಕೂತಿದ್ದಾನೆ, ಅವನ ಮುಂದೆ ದೊಡ್ಡ ಉಂಡೆ. ಅದು ಏರ್‌ಬ್ಯಾಗ್ ಎಂದು ಆಮೇಲೆ ತಿಳಿಯಿತು. ವಿಶಾಲು ನೋಡಿ, “ಯಾರೋ ಮಡಿಲಲ್ಲಿ ಕುಂಬಳಕಾಯಿ ಇಟ್ಕೊಂಡು ಕೂತವ್ರಲ್ಲ” ಎಂದಳು. ಪ್ಲಗ್ಗನ್ನು ಮತ್ತೆ ಸಿಕ್ಕಿಸಿದೆ. ಕುಂಬಳಕಾಯಿಯವನು ಏಳಲಿಲ್ಲ.

ಆಗ ಹಿರೇಹಳ್ಳಿಯ ಬಸವರಾಜುವಿನ ಗ್ಯಾರೇಜಿಗೆ ಹೋದೆ. ಅವನು ಲಾರಿ ಮೆಕ್ಯಾನಿಕ್ಕು, ನನ್ನ ಹಳೆಯ ಗೆಳೆಯ. ತನಗೆ ಈ ಕಾರಿನ ಬಗ್ಗೆ ಏನೂ ಗೊತ್ತಿಲ್ಲವೆಂದು ಮೊದಲೇ ಹೇಳಿದ. ಆಮೇಲೆ ಸ್ನೇಹಕ್ಕೆ ಕಟ್ಟುಬಿದ್ದು ಮುಂದಿನ ಚಕ್ರ ಬಿಚ್ಚಿ, ಒಳಗೆಲ್ಲ ಒರೆಸಿ, ಗ್ರೀಸ್ ಹಚ್ಚಿ ಹಾಕಿದ. ಕಾರು ಹೊರಗೆ ಬರುವಾಗ ಮೂರನೆಯ ದೀಪ ಹತ್ತಿತ್ತು. ಚಕ್ರದ ಹತ್ತಿರ ಕೂದಲೆಳೆಯಂಥ ಒಂದು ವೈರು ತುಂಡಾಗಿ ನೇತಾಡುತ್ತಿತ್ತು.

“ಇದು ಕಂಪ್ಯೂಟರ್ ಗಾಡಿ ಕಣಣ್ಣ. ಬೆಂಗ್ಳೂರಿಗೆ ತಗೊಂಡೋಗು,” ಎಂದ ಬಸವರಾಜು. “ಅಲ್ಲೀಗಂಟ ಲೈಟ್ ನೋಡ್ಬ್ಯಾಡ, ರೋಡ್ ನೋಡು.”

ಬೆಂಗಳೂರಿನ ಗ್ಯಾರೇಜಿಗೆ ಫೋನ್ ಮಾಡಿದರೆ ಮದುವೆ ಮುಗಿಯುವ ತನಕ ಅವರಿಗೆ ಬಿಡುವಿರಲಿಲ್ಲ. ಇತ್ತ ನಮ್ಮ ಮನೆಯಲ್ಲಿ ವಿಶಾಲು, ಬಾಡಿಗೆಗೆ ಒಂದು ಟ್ಯಾಕ್ಸಿ ಹೇಳಿಬಿಡೋಣ, ಹುಡುಗಿಯ ಮದುವೆ, ಆಟವಲ್ಲ ಎಂದು ದಿನಾ ಹೇಳುತ್ತಿದ್ದಳು. ನಾನು ಕೇಳಲಿಲ್ಲ. ಟ್ಯಾಕ್ಸಿಯಲ್ಲಿ ಹೋದರೆ ಚಂದ್ರಣ್ಣ ಏನೂ ಅನ್ನುವುದಿಲ್ಲ, ಬರೀ ನಗುತ್ತಾರೆ. ಅದನ್ನೇ ನನಗೆ ತಡೆಯಲಾಗುತ್ತಿರಲಿಲ್ಲ.

ರಿಸೆಪ್ಷನ್ನಿನ ದಿನ ಬೆಳಿಗ್ಗೆ ಎಂಜಿನ್ ಚಾಲೂ ಇಟ್ಟುಕೊಂಡೇ ಕೊನೆಯ ಹೋರಾಟಕ್ಕೆ ಕೂತೆ. ಫ್ಯೂಸ್ ಡಬ್ಬಿ ಬಿಚ್ಚಿ ಒಂದೊಂದೇ ಫ್ಯೂಸು ಕಿತ್ತು ನೋಡುತ್ತ ಬಂದೆ. ಒಂದು ಕಿತ್ತಾಗ ವೈಪರ್ ನಿಂತಿತು, ಇನ್ನೊಂದಕ್ಕೆ ಹಾರ್ನ್ ಹೋಯಿತು. ಅವನ್ನೆಲ್ಲ ಸ್ವಸ್ಥಾನಕ್ಕೆ ಸೇರಿಸುತ್ತ ಹೋದೆ. ಮಧ್ಯಾಹ್ನದ ಹೊತ್ತಿಗೆ ಮೂಲೆಯಲ್ಲಿದ್ದ ಒಂದು ಫ್ಯೂಸನ್ನು ಕಿತ್ತ ತಕ್ಷಣ ಪಂಪು, ಕುಂಬಳಕಾಯಿ, ಮೂರನೆಯದು, ಎಲ್ಲ ಒಟ್ಟಿಗೆ ಆರಿದವು. ಎಂಜಿನ್ ಮಾತ್ರ ಓಡುತ್ತಲೇ ಇತ್ತು. ಆ ಕ್ಷಣದ ಆನಂದವನ್ನು ಹೇಳಲಾರೆ. ದೀಪಗಳ ಜೊತೆಗೆ ಸ್ಪೀಡಿನ ಮುಳ್ಳು, ಪೆಟ್ರೋಲಿನ ಮುಳ್ಳು, ಬಿಸಿಯ ಮುಳ್ಳು ಎಲ್ಲವೂ ಎಡಕ್ಕೆ ಒರಗಿ ಮಲಗಿದ್ದನ್ನು ನಾನು ಕಂಡೆ. ಅದನ್ನು ದೊಡ್ಡ ವಿಷಯವೆಂದು ಭಾವಿಸಲಿಲ್ಲ. ಮುಳ್ಳು ನೋಡಿಕೊಂಡೇ ಕಾರು ಓಡಿಸಬೇಕೆಂದು ಎಲ್ಲಿ ಬರೆದಿದೆ?

ಗುಬ್ಬಿಯಲ್ಲಿ ನಮಗೆ ಸಿಕ್ಕ ಮರ್ಯಾದೆ ನನ್ನ ಜನ್ಮದಲ್ಲಿ ಹಿಂದೆಂದೂ ಸಿಕ್ಕಿರಲಿಲ್ಲ. ಬೀದಿಯ ಜನವೆಲ್ಲ ಕಾರಿನ ಸುತ್ತ ನಿಂತರು. ಮಹೇಶ ಕಡುನೀಲಿ ಸೂಟು ಹಾಕಿಕೊಂಡು ತಲೆ ತಗ್ಗಿಸಿ ಹಿಂದಿನ ಸೀಟಿನಲ್ಲಿ ಕೂತ. ಅವನ ಅಕ್ಕ, ಭಾವ ಅವನ ಎರಡು ಪಕ್ಕದಲ್ಲಿ ಕೂತರು. ಮುಂದೆ ನಾನೂ ವಿಶಾಲುವೂ. ಮಿಕ್ಕವರು ಬಸ್ಸಿನಲ್ಲಿ ಆಗಲೇ ಹೊರಟಿದ್ದರು. ನಾನು ಬಾಗಿಲು ಹಾಕಿದೆ. ‘ಧುಪ್’.

ತುಮಕೂರು ದಾಟಿ ಕುಣಿಗಲ್ ರಸ್ತೆ ಹಿಡಿದೆವು. ದಾರಿಯುದ್ದಕ್ಕೂ ನಾನು ಜರ್ಮನ್ ತಂತ್ರಜ್ಞಾನದ ಬಗ್ಗೆ ಮಾತಾಡುತ್ತಿದ್ದೆ. ಮಹೇಶ ಒಂದೆರಡು ಸಲ ಮುಂದಕ್ಕೆ ಬಗ್ಗಿ ಏನೋ ಹೇಳಲು ಬಾಯಿ ತೆರೆದ, ಮತ್ತೆ ಹಿಂದಕ್ಕೆ ಒರಗಿದ. ಮದುಮಗನ ನಾಚಿಕೆ ಎಂದುಕೊಂಡೆ. ಹೆಬ್ಬೂರು ಇನ್ನೇನು ಬಂತು ಎನ್ನುವಾಗ ಕಾರು ಎರಡು ಸಲ ಬಿಕ್ಕಳಿಸಿ, ರಾಗಿ ಹೊಲದ ಪಕ್ಕದಲ್ಲಿ ಬಹಳ ಮೃದುವಾಗಿ ನಿಂತಿತು. ನಿಲ್ಲುವುದರಲ್ಲೂ ಅದರ ಗತ್ತು ಹೋಗಿರಲಿಲ್ಲ.

ನಾನು ಕೋಟು ಬಿಚ್ಚಿ ಬಾನೆಟ್ ಎತ್ತಿದೆ. ಹೊಲದಲ್ಲಿದ್ದವರು, ಡೇರಿಗೆ ಹಾಲು ಹಾಕಿ ಬರುತ್ತಿದ್ದವರು, ಎಲ್ಲರೂ ಬಂದು ಸುತ್ತ ನಿಂತು ಒಂದೊಂದು ಅಭಿಪ್ರಾಯ ಕೊಟ್ಟರು. ಕಂಪ್ಯೂಟರ್ ಸುಟ್ಟಿರಬೇಕು ಎಂದರು ಒಬ್ಬರು. ಸೆನ್ಸಾರ್ ಹೋಗಿದೆ ಎಂದರು ಇನ್ನೊಬ್ಬರು. ನಾನು ಎಲ್ಲರೊಂದಿಗೂ ಸರಿಸಮನಾಗಿ ಚರ್ಚೆ ಮಾಡಿದೆ. ಹೊತ್ತು ಇಳಿಯುತ್ತಿತ್ತು. ಚಂದ್ರಣ್ಣ ವಿಶಾಲುವಿನ ಮೊಬೈಲಿಗೆ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದರು. ಅವಳು ಕಾರಿನಿಂದಿಳಿದು ಬಂದು ನನ್ನ ಪಕ್ಕ ನಿಂತು ತಗ್ಗಿದ ದನಿಯಲ್ಲಿ ಕೇಳಿದಳು:

“ರೀ, ಪೆಟ್ರೋಲ್ ಹಾಕಿಸಿದ್ರಾ?”

“ಇದು ಎಲೆಕ್ಟ್ರಾನಿಕ್ ಸಮಸ್ಯೆ ಕಣೇ. ನಿಂಗೆ ಅರ್ಥ ಆಗಲ್ಲ,” ಎಂದೆ.

ವಿಶಾಲು ನನ್ನ ಮುಖವನ್ನು ಒಂದು ಸಲ ನೋಡಿದಳು. ನೇರವಾಗಿ ರಸ್ತೆಗೆ ಹೋಗಿ, ಕುಣಿಗಲ್ ಕಡೆಗೆ ಹೋಗುತ್ತಿದ್ದ ಹಾಲಿನ ವ್ಯಾನಿಗೆ ಕೈ ಅಡ್ಡ ಹಿಡಿದಳು. ಡ್ರೈವರಿಗೆ ವಿಷಯ ಹೇಳಿದಳು. ಮಹೇಶನನ್ನು ಮುಂದೆ ಕೂರಿಸಿ, ಅವನ ಅಕ್ಕ ಭಾವನ ಜೊತೆ ತಾನೂ ಹಿಂದೆ ಕ್ಯಾನುಗಳ ನಡುವೆ ನಿಂತು, ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೊರಟೇಬಿಟ್ಟಳು. ಕ್ಯಾನುಗಳ ಸದ್ದು ದೂರವಾಗುವ ತನಕ ನಾನು ಬಾನೆಟ್ಟಿನೊಳಗೇ ತಲೆ ಇಟ್ಟುಕೊಂಡಿದ್ದೆ.

ಛತ್ರದಲ್ಲಿ ನಡೆದದ್ದನ್ನು ಆಮೇಲೆ ವಿಶಾಲುವೇ ಹೇಳಿದಳು. ಮುಂಬಾಗಿಲಲ್ಲಿ ವಾಲಗದವರು ಸಿದ್ಧವಾಗಿ ನಿಂತಿದ್ದರು. ಆರತಿ ತಟ್ಟೆ ಹಿಡಿದ ಹೆಂಗಸರು, ಪನ್ನೀರುದಾನಿ ಹಿಡಿದ ಮಕ್ಕಳು, ಜರಿ ಶಲ್ಯ ಹೊದ್ದ ಚಂದ್ರಣ್ಣ. ಎಲ್ಲರ ಕಣ್ಣು ದೊಡ್ಡ ಕಪ್ಪು ಕಾರಿಗಾಗಿ ಕಾಯುತ್ತಿತ್ತು. ಹಾಲಿನ ವ್ಯಾನು ಗೇಟಿಗೆ ಬಂದದ್ದೇ ಛತ್ರದ ಮ್ಯಾನೇಜರು ಓಡಿಬಂದು, ಹಾಲು ಈ ಕಡೆ ಅಲ್ಲ, ಅಡುಗೆಮನೆ ಕಡೆಗೆ ತಗೊಂಡು ಹೋಗಿ, ಗಂಡು ಬರುವ ಹೊತ್ತು, ದಾರಿ ಬಿಡಿ ಎಂದು ಗದರಿದರಂತೆ. ಡ್ರೈವರ್ ಪಾಪ ಹೇಳಿದ ಕಡೆ ತಿರುಗಿಸಿದ. ಹೀಗಾಗಿ ಮಹೇಶ, ತನ್ನ ಮದುವೆಯ ಛತ್ರಕ್ಕೆ ಹಿಂಬಾಗಿಲಿನಿಂದ, ಬೂಂದಿ ಕರಿಯುವ ಬಾಣಲೆಯನ್ನು ಸುತ್ತಿಕೊಂಡು, ಸಾಂಬಾರಿನ ಕೊಳಗ ದಾಟಿಕೊಂಡು ಪ್ರವೇಶ ಮಾಡಿದ. ಅಡುಗೆಯವರು ಅವನನ್ನು ಬಡಿಸುವ ಕಡೆಯ ಸೂಪರ್‌ವೈಸರ್ ಎಂದು ತಿಳಿದು, ಎಲೆ ಇನ್ನೂ ಬಂದಿಲ್ಲ ಎಂದು ದೂರು ಹೇಳಿದರಂತೆ. ಅವನು “ನೋಡ್ತೀನಿ” ಎಂದು ಹೇಳಿ ಸಭಾಂಗಣಕ್ಕೆ ಬಂದ. ವಾಲಗದವರು ಇನ್ನೂ ಗೇಟಿನ ಕಡೆಗೇ ಮುಖ ಮಾಡಿ ನಿಂತಿದ್ದರು.

ನಾನು ಹೆಬ್ಬೂರಿನ ರಸ್ತೆಯಲ್ಲಿ ಒಬ್ಬನೇ ಉಳಿದಿದ್ದೆ. ಅಭಿಪ್ರಾಯ ಕೊಟ್ಟವರೆಲ್ಲ ಖಾಲಿ ಹಾಲಿನ ಪಾತ್ರೆ ಎತ್ತಿಕೊಂಡು ಮನೆಗೆ ಹೋಗಿದ್ದರು. ಶ್ವೇತಾ ನಮ್ಮ ಮನೆಯಲ್ಲಿದ್ದ ದಿನಗಳು ನೆನಪಾದವು. ಕಾಲೇಜಿನಿಂದ ಬರುವುದು ಸ್ವಲ್ಪ ತಡವಾದರೂ ನಾನು ಬಸ್ ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತಿದ್ದೆ. ಇವತ್ತು ಅವಳ ಅತಿ ದೊಡ್ಡ ಸಂಜೆಯಲ್ಲಿ, ಅವಳು ಕೇಳಿದ್ದ ಒಂದೇ ಒಂದು ಕೆಲಸವನ್ನು ಹಾಳುಮಾಡಿ ಹೊಲದ ಬದುವಿನಲ್ಲಿ ಕೂತಿದ್ದೇನೆ. ನಿಜ ಹೇಳಬೇಕೆಂದರೆ, ಪೆಟ್ರೋಲಿನ ವಿಷಯ ಆಗಲೇ ನನ್ನ ತಲೆಗೆ ಹೊಳೆದಿತ್ತು. ಬೆಳಗಿನಿಂದ ಮಧ್ಯಾಹ್ನದ ತನಕ ಆ ದೊಡ್ಡ ಎಂಜಿನ್ನನ್ನು ಮನೆ ಮುಂದೆ ಸುಮ್ಮನೆ ಓಡಿಸಿದ್ದೆ. ಟ್ಯಾಂಕಿನಲ್ಲಿ ಎಷ್ಟಿದೆ ಎಂದು ಹೇಳಬೇಕಾದ ಮುಳ್ಳನ್ನು ನಾನೇ ಮಲಗಿಸಿದ್ದೆ. ಈಗ ತಪ್ಪು ಒಪ್ಪಿಕೊಳ್ಳೋಣವೆಂದರೆ ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಕತ್ತಲಾಗುವ ಹೊತ್ತಿಗೆ ಅದೇ ಹಾಲಿನ ವ್ಯಾನು ವಾಪಸ್ಸು ಬಂತು. ಡ್ರೈವರ್ ಒಂದು ಕ್ಯಾನ್ ಇಳಿಸಿ, “ಅಮ್ಮಾವ್ರು ಕೊಟ್ಟವ್ರೆ. ಏನೂ ಬಿಚ್ಚಬ್ಯಾಡಿ, ಇದನ್ನ ಉಯ್ಯಿ ಅಂದ್ರು” ಎಂದು ಹೇಳಿ ಹೋದ. ಪೆಟ್ರೋಲ್ ಸುರಿದೆ. ಕೀಲಿ ತಿರುಗಿಸಿದೆ. ಏನೂ ಆಗಿಯೇ ಇಲ್ಲವೆಂಬಂತೆ ಕಾರು ಗುರುಗುಟ್ಟಿತು.

ಛತ್ರ ತಲುಪಿದಾಗ ಊಟದ ಪಂಕ್ತಿ ನಡೆಯುತ್ತಿತ್ತು. ಕಾರನ್ನು ದೂರದಲ್ಲಿ ನಿಲ್ಲಿಸಿ, ಬಾಗಿಲನ್ನು ಸದ್ದಾಗದ ಹಾಗೆ ಒತ್ತಿ ಹಾಕಿ, ಗೋಡೆ ಪಕ್ಕದಲ್ಲಿ ಒಳಗೆ ಹೋದೆ. ಚಂದ್ರಣ್ಣ ಎದುರಿಗೇ ಸಿಕ್ಕರು. ಬೈಯುತ್ತಾರೆಂದು ಕಾಯುತ್ತ ನಿಂತೆ. ಅವರು ನನ್ನ ಶರ್ಟಿನ ಗ್ರೀಸ್ ನೋಡಿ, ಪಕ್ಕದಲ್ಲಿದ್ದ ನೆಂಟರೊಬ್ಬರ ಕಡೆ ತಿರುಗಿ, “ನಮ್ಮ ತಂಗಿ ಯಜಮಾನ್ರು. ಕಾರ್ ಇಟ್ಕೊಂಡಿದಾರೆ” ಎಂದರು. ನನಗೆ ಮೋಟರ್ ರಿಪೇರಿಯೇ ವಾಸಿಯಿತ್ತು ಅನ್ನಿಸಿತು.

ವೇದಿಕೆ ಹತ್ತಿ ಶ್ವೇತಾಳ ಮುಂದೆ ನಿಂತೆ. ಅವಳು ನಕ್ಕು ನನ್ನ ಕೈ ಹಿಡಿದುಕೊಂಡಳು. “ಮಾಮ, ನೀವು ಬಂದ್ರಲ್ಲ, ಸಾಕು ಬಿಡಿ. ನಾಳೆ ಗುಬ್ಬಿಗೆ ನಿಮ್ಮ ಕಾರಲ್ಲೇ ಹೋಗೋದು.” ಕ್ಯಾಮೆರಾದವನು ಈ ಕಡೆ ನೋಡಿ ಎಂದ. ಆ ಫೋಟೋದಲ್ಲಿ ನನ್ನ ಕಣ್ಣು ಕೆಂಪಗಿರುವುದು ಪೆಟ್ರೋಲಿನ ಘಾಟಿಗೆ ಎಂದು ಇವತ್ತಿಗೂ ಹೇಳಿಕೊಂಡು ಬಂದಿದ್ದೇನೆ.

ಮಾರನೆಯ ದಿನ ಧಾರೆ ಮುಗಿದ ಮೇಲೆ ಮಹೇಶ ಬಂದು ಬಹಳ ವಿನಯದಿಂದ ಕೀಲಿ ಕೇಳಿದ. ತಾನೇ ಓಡಿಸುತ್ತೇನೆ, ನೀವು ಸುಸ್ತಾಗಿದ್ದೀರಿ ಎಂದ. ಮೊದಲು ಫ್ಯೂಸನ್ನು ಇದ್ದ ಜಾಗಕ್ಕೆ ಹಾಕಿಸಿದ. ಆಮೇಲೆ ಪೆಟ್ರೋಲ್ ಬಂಕಿಗೆ ಹೋಗಿ ಟ್ಯಾಂಕು ತುಂಬಿಸಿ, ಮುಚ್ಚಳವನ್ನು ‘ಕಟಕ್’ ಎನ್ನುವ ತನಕ ತಿರುಗಿಸಿದ. ಈ ಮುಚ್ಚಳ ಸಡಿಲವಿದ್ದರೂ ಆ ಹಳದಿ ಎಂಜಿನ್ ದೀಪ ಬರುತ್ತದೆ, ಫ್ಯಾಕ್ಟರಿಯ ಸಾಹೇಬರ ಕಾರಿನಲ್ಲಿ ನೋಡಿದ್ದೇನೆ ಎಂದ. ಅಂದರೆ ಅದು ಪಂಪಲ್ಲ, ಎಂಜಿನ್ನು. ನಾನು ಮುಚ್ಚಳವನ್ನು ಯಾವತ್ತೂ ‘ಕಟಕ್’ ಎನ್ನುವ ತನಕ ತಿರುಗಿಸಿದವನಲ್ಲ. ಮುಳ್ಳುಗಳು ಮಲಗಿದ್ದನ್ನು ಅವನು ಹಿಂದಿನ ದಿನ ಗುಬ್ಬಿಯಲ್ಲೇ ನೋಡಿದ್ದನಂತೆ.

“ಮತ್ತೆ ಯಾಕಪ್ಪ ಹೇಳ್ಲಿಲ್ಲ?” ಎಂದೆ.

“ಮದ್ವೆಗೆ ಮುಂಚೆ ಹೆಣ್ಣಿನ ಕಡೆಯೋರಿಗೆ ಬುದ್ಧಿ ಹೇಳೋಕೋಗ್ಬೇಡ ಅಂತ ನಮ್ಮಮ್ಮ ಹೇಳಿದ್ರು ಮಾವ,” ಎಂದ ಮಹೇಶ.

ಹೀಗೆ ಮದುಮಗ ಕಾರು ಓಡಿಸಿದ. ಅವನ ಪಕ್ಕದಲ್ಲಿ ವಿಶಾಲು. ಹಿಂದೆ ಶ್ವೇತಾ ಮತ್ತು ನಾನು. ಓಡಿಸಲು ಅಡ್ಡವೆಂದು ಅವನು ತನ್ನ ಜರಿಪೇಟ ತೆಗೆದು ನನ್ನ ಕೈಗೆ ಕೊಟ್ಟಿದ್ದ. ಗುಬ್ಬಿಯ ಅವನ ಬೀದಿ ಕಿರಿದು. ನಮ್ಮನ್ನು ಮನೆ ಮುಂದೆ ಇಳಿಸಿ, ಕಾರನ್ನು ಮೂಲೆಯಲ್ಲಿ ನಿಲ್ಲಿಸಿ ಬರುತ್ತೇನೆಂದು ಹೋದ. ಕೀಲಿಯನ್ನು ನನಗೆ ಕೊಡಲಿಲ್ಲ, ನಾನೂ ಕೇಳಲಿಲ್ಲ. ವಿಶಾಲು ಡಿಕ್ಕಿಯಲ್ಲಿದ್ದ ಸಾಮಾನು ತೆಗೆಯಲು ಅವನ ಜೊತೆಗೇ ಹೋದಳು. ನನ್ನ ಎರಡು ಕೈಯಲ್ಲೂ ಹಣ್ಣಿನ ತಟ್ಟೆ, ತೆಂಗಿನಕಾಯಿಯ ಬುಟ್ಟಿ. ಪೇಟ ಕೆಳಗೆ ಬೀಳುವಂತಾಯಿತು. ಇಡಲು ಬೇರೆ ಜಾಗವಿಲ್ಲದೆ ಅದನ್ನು ತಲೆಯ ಮೇಲಿಟ್ಟುಕೊಂಡು ಶ್ವೇತಾಳ ಪಕ್ಕ ಹೊಸಿಲ ಮುಂದೆ ನಿಂತೆ.

ಒಳಗಿನಿಂದ ಮಹೇಶನ ಅಜ್ಜಿ ಆರತಿ ತಟ್ಟೆ ಹಿಡಿದು ನಿಧಾನವಾಗಿ ಬಂದರು. ಬಹಳ ವಯಸ್ಸಾದವರು, ಕಣ್ಣು ಮಂಜು. ನಾನು ಬಾಯಿ ತೆರೆಯುವುದರೊಳಗೆ ನಮ್ಮಿಬ್ಬರ ಮುಖದ ಮುಂದೆ ಭಕ್ತಿಯಿಂದ ಆರತಿ ಎತ್ತಿ, ನನ್ನ ಹಣೆಗೆ ಕುಂಕುಮ ಹಚ್ಚಿದರು. ಶ್ವೇತಾ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ಅಜ್ಜಿ ತಟ್ಟೆಯನ್ನು ಹತ್ತಿರ ತಂದು ಆ ಬೆಳಕಿನಲ್ಲಿ ನನ್ನನ್ನು ಮತ್ತೊಂದು ಸಲ ಪರೀಕ್ಷೆ ಮಾಡಿದರು. ಆಮೇಲೆ ಬಾಗಿಲ ಕಡೆ ತಿರುಗಿ, ಬೀದಿಗೆಲ್ಲ ಕೇಳುವಂತೆ ಒಳಗಿದ್ದ ಮಹೇಶನ ತಾಯಿಯನ್ನು ಕೇಳಿದರು:

“ಯಾಕವ್ವ, ನಮ್ಮ ಮಯೇಶ ಒಂದೇ ರಾತ್ರೀಲಿ ಹಿಂಗಾಗ್ಬುಟ್ಟವ್ನೆ?”